ಸೊಂಟದಳತೆಯ ಸೇಡು

ಟೈಲರ್ ಅಕ್ಕನ ಒಬ್ಬನೇ ತಮ್ಮನನ್ನು ಆಫೀಸಿನಿಂದ ತೆಗೆದುಹಾಕಿದರು. ಮುಖ್ಯವಾದ ಫೈಲೊಂದನ್ನು ಹಾಳು ಮಾಡಿದ್ದು ಮ್ಯಾನೇಜರು, ತಪ್ಪು ಹೊರಿಸಿದ್ದು ತನ್ನ ಮೇಲೆ ಎಂದು ಅವನು ಗೋಳಾಡಿದ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆ ಮ್ಯಾನೇಜರು ಪ್ಯಾಂಟು ಹೊಲಿಸುತ್ತಿದ್ದದ್ದು ಅವಳ ಹತ್ತಿರವೇ. ಇವಳು ಯಾರ ಅಕ್ಕ ಎಂಬುದು ಮಾತ್ರ ಆತನಿಗೆ ಗೊತ್ತಿರಲಿಲ್ಲ.

ಅವಳು ಕತ್ತರಿ ಕೈಗೆತ್ತಿಕೊಂಡಳು. ತಮ್ಮ ಬೆಚ್ಚಿದ. "ಅಕ್ಕಾ, ಚುಚ್ಚಿಗಿಚ್ಚಿಬಿಟ್ಟೀಯ."

"ಚುಚ್ಚೋದ್ಯಾಕೆ? ಪ್ರತಿ ಸಲ ಪ್ಯಾಂಟಿನ ಸೊಂಟ ಅರ್ಧ ಇಂಚು ಬಿಗಿ ಹಿಡೀತೀನಿ. ಒಳಗೊಳಗೇ ಕೊರಗಲಿ."

ಮೂರನೇ ಪ್ಯಾಂಟಿಗೆ ಮ್ಯಾನೇಜರು ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡರು. "ನಾನು ದಪ್ಪ ಆಗ್ತಿದ್ದೀನಾ ತಾಯಿ?"

"ನಾನಾಗಿ ಹೇಳಬಾರದು ಅಂತಿದ್ದೆ ಸರ್."

ಅಂದಿನಿಂದ ಆತ ಸಿಹಿ ಬಿಟ್ಟರು, ಲಿಫ್ಟು ಬಿಟ್ಟರು, ಬೆಳಿಗ್ಗೆ ಕೆರೆ ಸುತ್ತತೊಡಗಿದರು. ಆರು ತಿಂಗಳಲ್ಲಿ ಹೊಟ್ಟೆ ಕರಗಿ, ಮುಖಕ್ಕೆ ಕಳೆ ಬಂತು. ಅಂಗಡಿಗೆ ಬಂದು ಅಕ್ಕನಿಗೆ ಕೈಮುಗಿದರು.

ತಮ್ಮ ಹಲ್ಲು ಕಡಿದ. "ಸೇಡು ತೀರಿಸ್ಕೊಳ್ತಿದ್ದೀಯೋ, ಸೇವೆ ಮಾಡ್ತಿದ್ದೀಯೋ?"

ಅಕ್ಕ ದಾರಿ ಬದಲಿಸಿದಳು. ವಾರ್ಷಿಕ ಸಭೆಗೆಂದು ಹೊಲಿಸಿದ ಪ್ಯಾಂಟನ್ನು ನಾಲ್ಕು ಇಂಚು ಸಡಿಲ ಬಿಟ್ಟು, ಗುಂಡಿಯನ್ನು ಒಂದೇ ಎಳೆ ದಾರದಲ್ಲಿ ನಿಲ್ಲಿಸಿದಳು. ಬೆಲ್ಟು ತೂರಿಸುವ ಪಟ್ಟಿಗಳನ್ನೇ ಇಡಲಿಲ್ಲ. ಅದು ಹೊಸ ಫ್ಯಾಷನ್ ಎಂದಳು.

ಸಭೆಯ ಮರುದಿನ ಮ್ಯಾನೇಜರು ಬಂದರು. ತಮ್ಮ ಓಡಿಹೋಗಿ ಅಳತೆ ಕೋಣೆಯ ಪರದೆಯ ಹಿಂದೆ ಸೇರಿಕೊಂಡ.

"ಎಲ್ಲರ ಎದುರಿಗೂ ಬಿದ್ದೋಯ್ತು ತಾಯಿ," ಎಂದರು ಆತ ಪ್ಯಾಂಟು ಮುಂದಿಡುತ್ತ. "ತಪ್ಪು ನಂದೇ. ಇಷ್ಟು ಸಣ್ಣ ಆಗಬಾರದಿತ್ತು."

ಅಕ್ಕ ಗುಂಡಿ ಕಿತ್ತುಹೋದ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಮಾತು ತಿರುಗಿಸಲು ಕೇಳಿದಳು: "ನಿಮ್ಮಲ್ಲಿ ಯಾರೋ ಗುಮಾಸ್ತನ್ನ ತೆಗೆದ್ರಂತಲ್ಲ ಸರ್?"

"ಅವನಾ? ಫೈಲನ್ನ ದಿಂಬು ಮಾಡ್ಕೊಂಡು ತಾರಸಿ ಮೇಲೆ ಮಲಗಿದ್ದ. ಮಳೆ ಬಂತು. ಅವನು ಎದ್ದು ಓಡಿದ, ಫೈಲು ಅಲ್ಲೇ ಉಳೀತು."

ಮ್ಯಾನೇಜರು ಹೋದ ಮೇಲೆ ಪರದೆ ಮೆಲ್ಲಗೆ ಸರಿಯಿತು.

"ಅವರು ಹೇಳಿದ್ದೆಲ್ಲ ನಿಜ ಅಲ್ಲ ಅಕ್ಕಾ."

"ಯಾವುದು ಸುಳ್ಳು?"

ತಮ್ಮ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. "ಮಳೆ ಅಷ್ಟೇನೂ ಜೋರಾಗಿರಲಿಲ್ಲ."

ಅಕ್ಕ ಪ್ಯಾಂಟನ್ನು ಅಳತೆಗೆ ಸರಿಯಾಗಿ ಹೊಲಿದು, ಗುಂಡಿಯನ್ನು ನಾಲ್ಕೆಳೆ ದಾರದಲ್ಲಿ ಬಿಗಿದಳು. ಕ್ಷಮೆ ಕೇಳುವ ಧೈರ್ಯ ಅವಳಿಗಿರಲಿಲ್ಲ. ಅದನ್ನು ಆಫೀಸಿಗೆ ತಲುಪಿಸಲು ತಮ್ಮನನ್ನೇ ಅಟ್ಟಿದಳು. ಅವನು ಪೊಟ್ಟಣವನ್ನು ಗೇಟಿನ ಕಾವಲುಗಾರನ ಕೈಗೆ ತುರುಕಿ, ತಿರುಗಿ ನೋಡದೆ ಓಡಿಬಂದ.