ಚಮಚದಮ್ಮನ ನೆಲ

ನಾಲ್ವರು ಹೆಗಲು ಕೊಟ್ಟು ಅವಳನ್ನು ಹೊಸ್ತಿಲವರೆಗೆ ತಂದಿದ್ದರು. ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಗಂಡ, ಬಾಗಿಲಿಗೆ ಅಡ್ಡ ಕಟ್ಟಿದ್ದ ಹಗ್ಗದ ಮುಂದೆ ನಿಂತು ಕೈ ಚಾಚಿದ.

"ಒಳಗೆ ಬೇಡ. ನೆಲ ಇನ್ನೂ ಹಸಿ ಇದೆ."

ಹೊತ್ತವರು ಮುಖ ಮುಖ ನೋಡಿಕೊಂಡರು. ಹೆಗಲ ಮೇಲೆ ಹೆಣ ಇದ್ದಾಗ ಟೈಲ್ಸ್ ವಿಚಾರ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೊನೆಗೆ ಗಂಡನ ತಂಗಿ ಸ್ಕೂಟರ್ ನಿಲ್ಲಿಸುವ ಶೆಡ್ಡಿನತ್ತ ಕೈ ತೋರಿಸಿದಳು. ಉಳಿದ ಸಿಮೆಂಟ್ ಚೀಲಗಳನ್ನು ಗೋಡೆಗೆ ಸರಿಸಿ, ಎರಡು ಬೆಂಚು ಜೋಡಿಸಿ, ಅವಳನ್ನು ಅಲ್ಲಿ ಮಲಗಿಸಿದರು.

ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಔಷಧಿ ಚೀಟಿಯ ಹಿಂಬದಿಯಲ್ಲಿ ಸತ್ತವಳದೇ ಅಕ್ಷರ: 'ಸಂದು ತುಂಬಿದ ಮೇಲೆ ಒಂದು ದಿನ ಪೂರ್ತಿ ಯಾರೂ ಕಾಲಿಡಕೂಡದು. ಯಾರೇ ಆಗಲಿ.' ಮೇಸ್ತ್ರಿ ಟೈಲ್ಸಿನ ಸಂದಿಗೆ ಬಿಳೀ ಸಿಮೆಂಟ್ ತುಂಬಿ ಮುಗಿಸಿದ್ದು ನಿನ್ನೆ ಸಂಜೆ ಐದಕ್ಕೆ. ಅವಳು ಆಸ್ಪತ್ರೆಯಲ್ಲಿ ಸತ್ತದ್ದು ಇವತ್ತು ಬೆಳಗ್ಗೆ ಆರಕ್ಕೆ.

"ಅವಳೇ ಬರೆದಿದ್ದು, ಅತ್ತಿಗೆ," ಎಂದ ಗಂಡ, ಹೆಂಡತಿಯ ಅಕ್ಕನಿಗೆ. "ಅವಳ ಮಾತು ಮೀರೋಕಾಗುತ್ತಾ?"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಮಾತಿಗೆ ಬೆಲೆ ಕೊಟ್ಟದ್ದು ಅದೇ ಮೊದಲು.

*

ಆ ಇಪ್ಪತ್ತೆರಡು ವರ್ಷವೂ ಅವಳು ಮುಂದಿನ ಕೋಣೆಯಲ್ಲಿ ಕೂತು ಊರವರ ಬಟ್ಟೆ ಹೊಲಿದಳು. ನೆಲ ಬಿರುಕು ಬಿಟ್ಟ ಸಿಮೆಂಟಿನದು. ಕೈಜಾರಿದ ಗುಂಡುಪಿನ್ನು ಬಿರುಕಿಗೆ ಬಿದ್ದರೆ ಮತ್ತೆ ಸಿಗುವುದು ಯಾರದಾದರೂ ಪಾದದಲ್ಲಿ. ಅದಕ್ಕೆಂದೇ ಮಷೀನಿನ ಕೆಳಗೆ ಒಂದು ಹಳೇ ಚಾಪೆ ಹಾಸಿದ್ದಳು. ಪಿನ್ನು ಕಣ್ಣಿಗೆ ಕಾಣುವಂಥ ಬಿಳೀ ಟೈಲ್ಸ್ ಹಾಕಿಸಬೇಕು, ಹಾಕಿಸಿದ ದಿನವೇ ಈ ಚಾಪೆಯನ್ನು ಎಸೆಯಬೇಕು ಎಂಬುದು ಅವಳ ಜೀವಮಾನದ ಯೋಜನೆ. ಗಂಡ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಮೇಸ್ತ್ರಿಯನ್ನು ಆರಿಸಲು ಅವಳದ್ದೊಂದು ಕ್ರಮವಿತ್ತು. ಹೋದ ತಿಂಗಳು ಮಾಡಿದ ಕೆಲಸ ತೋರಿಸುತ್ತೇನೆಂದರೆ ಬೇಡ ಎನ್ನುವಳು. ಮೂರು ವರ್ಷದ ಹಿಂದೆ ಹಾಕಿದ ನೆಲ ತೋರಿಸಬೇಕು. ಅಲ್ಲಿ ಮಂಡಿಯೂರಿ, ಚೀಲದಿಂದ ಸ್ಟೀಲ್ ಚಮಚ ತೆಗೆದು, ಒಂದೊಂದೇ ಟೈಲ್ಸಿನ ನಾಲ್ಕು ಮೂಲೆಯನ್ನೂ ತಟ್ಟುವಳು. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟ್ ಕೂತಿಲ್ಲ, ಮೇಸ್ತ್ರಿಗೆ ನಮಸ್ಕಾರ. ಮೇಸ್ತ್ರಿಗಳ ನಡುವೆ ಅವಳು ಚಮಚದಮ್ಮನಾದಳು. ಏಳು ಜನ ಹೀಗೆ ವಾಪಸು ಹೋದರು. ಎಂಟನೆಯವನು ಮಾತ್ರ, ತಾನು ನೆಲ ಹಾಕಿದ್ದ ಮನೆಯ ಬಾಗಿಲಲ್ಲೇ, ಸ್ನಾನದ ಮನೆಯಲ್ಲಿ ಎರಡು ಟೊಳ್ಳಿವೆ, ತಟ್ಟುವ ಮೊದಲೇ ಹೇಳಿಬಿಡುತ್ತೇನೆ ಎಂದ. ಅವಳು ತಟ್ಟಿ ನೋಡಿದಳು. ಸರಿಯಾಗಿ ಎರಡೇ ಇದ್ದವು. ಕೆಲಸ ಅವನಿಗೇ ಸಿಕ್ಕಿತು.

*

ಆ ಮೇಸ್ತ್ರಿಯೂ ಬಂದಿದ್ದ. ತಂಗಿಯನ್ನು ಒಳಗೆ ತರಲು ಬಿಡಿ ಎಂದು ಅಕ್ಕ ಮತ್ತೆ ಕೇಳಿಕೊಳ್ಳುವುದನ್ನು ನೋಡಿ, ತಾನು ಹಲಗೆ ಹಾಸಿಕೊಡುವೆ, ಭಾರ ಹಂಚಿಹೋಗುತ್ತದೆ, ಏನೂ ಆಗುವುದಿಲ್ಲ ಎಂದ. ಗಂಡ ಒಪ್ಪಲಿಲ್ಲ. ಬಾಗಿಲ ಹತ್ತಿರದ ಸಾಲು ಕೂರಿಸಿದ್ದು ನಿನ್ನೆಯೇ, ಒಂದು ಮೂಲೆ ಕುಸಿದರೆ ಗತಿ ಏನು ಎಂದ.

"ಹಾಗಾದ್ರೆ ಐದು ಗಂಟೆವರೆಗೆ ಕಾಯೋಣ," ಎಂದಳು ಅಕ್ಕ. "ಒಂದೇ ನಿಮಿಷ ಒಳಗಿಟ್ಟು ತೆಗೆಯೋಣ."

"ವ್ಯಾನ್ ಮೂರೂವರೆಗೆ ಹೇಳಿದೀನಿ. ಅವಳಿಗೇನು ಗೊತ್ತಾಗುತ್ತೆ, ಅತ್ತಿಗೆ?"

ಬಂದವರಿಗೆ ಒಳಗಿನ ಬಚ್ಚಲಿಗೂ ದಾರಿಯಿರಲಿಲ್ಲ. ಎಲ್ಲರೂ ಪಕ್ಕದ ಮನೆಗೆ ಹೋಗಿ ಬಂದರು. ಕೋಲೂರಿ ನಡೆಯುವ, ಸತ್ತವಳ ಸೋದರಮಾವನನ್ನೂ ನಾದಿನಿ ಅಲ್ಲಿಗೇ ಕಳಿಸಿದಳು. ಅವನು ತಲುಪುವಷ್ಟರಲ್ಲಿ ಪಂಚೆ ಒದ್ದೆಯಾಗಿತ್ತು. ಶೆಡ್ಡಿನಲ್ಲಿ ಕೂತವರು ಬಾಯಿಗೆ ಸೆರಗು ಅಡ್ಡ ಹಿಡಿದರು, ಅಳುವುದಕ್ಕಲ್ಲ.

*

ಆಸ್ಪತ್ರೆಯಲ್ಲಿ ಸಂಜೆಯಾದರೆ ಅವಳದ್ದು ಒಂದೇ ಪ್ರಶ್ನೆ, ಎಷ್ಟು ಸಾಲು ಆಯಿತು? ಅಕ್ಕ ಹೋಗಿ ಎಣಿಸಿಕೊಂಡು ಬಂದು ಹೇಳಬೇಕು. ಮೊನ್ನೆ ಇನ್ನೆರಡು ಸಾಲು ಉಳಿದಿದೆ ಎಂದಾಗ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು.

"ಅಕ್ಕಾ, ಬಾಗಿಲಿಂದ ಕಿಟಕಿವರೆಗೆ ಒಂದ್ಸಲ ಬರಿಗಾಲಲ್ಲಿ ನಡೀಬೇಕು ಕಣೆ. ನಡೆಯೋಕಾಗದೇ ಇದ್ರೆ ಹೊತ್ಕೊಂಡಾದ್ರೂ ಒಳಗೆ ಕರ್ಕೊಂಡ್ಹೋಗು."

ಅಕ್ಕ ಹೂಂ ಎಂದಿದ್ದಳು.

*

ಮೂರು ಗಂಟೆಗೆ ಗಂಡ ಕೆಲಸ ಮಾಡುವ ಗೋದಾಮಿನ ಮ್ಯಾನೇಜರು ಬಂದರು. ಶೆಡ್ಡಿನ ಕಡೆ ಒಮ್ಮೆ ತಲೆ ಬಾಗಿಸಿ, ಗಂಡನ ಹೆಗಲು ತಟ್ಟಿ, ಕಿವಿಯಲ್ಲಿ ಏನೋ ಕೇಳಿದರು.

"ಬನ್ನಿ ಸಾರ್, ಬನ್ನಿ," ಎಂದ ಗಂಡ. ಅವನೇ ಹಗ್ಗ ಎತ್ತಿ ಹಿಡಿದ.

ಮ್ಯಾನೇಜರು ಬೂಟು ಬಿಚ್ಚಲಿಲ್ಲ, ಬಿಚ್ಚಿ ಎಂದು ಯಾರೂ ಹೇಳಲೂ ಇಲ್ಲ. ಬಿಳೀ ನೆಲದ ಉದ್ದಕ್ಕೂ ನಡೆದು ಬಚ್ಚಲಿಗೆ ಹೋದರು, ನೀರು ಬಿಟ್ಟ ಸದ್ದಾಯಿತು, ಅದೇ ದಾರಿಯಲ್ಲಿ ಬಂದರು. ನೆಲ ಚೆನ್ನಾಗಿದೆ ಎಂದರು. ಗಂಡನ ಮುಖ ಆ ದಿನ ಮೊದಲ ಬಾರಿಗೆ ಅರಳಿತು.

ಅಕ್ಕ ಶೆಡ್ಡಿನಿಂದ ಎದ್ದು ಬಂದಳು. "ಈಗಾದ್ರೂ ಅವಳನ್ನ ಒಳಗೆ ತನ್ನಿ."

"ಸುಮ್ನಿರಿ ಅತ್ತಿಗೆ. ಅವರ ಎದುರಿಗೆ ರಂಪ ಬೇಡ."

ವ್ಯಾನು ಹೇಳಿದ ಹೊತ್ತಿಗೆ ಬಂತು. ಅವಳನ್ನು ಸಿಮೆಂಟ್ ಚೀಲಗಳ ಪಕ್ಕದಿಂದಲೇ ಎತ್ತಿಕೊಂಡು ಹೋದರು.

*

ಮಣ್ಣು ಮಾಡಿ ಬಂದಾಗ ಆರು ದಾಟಿತ್ತು. ಹಗ್ಗ ಬಿಚ್ಚಿದ್ದರು. ಎಲ್ಲರೂ ಒಳಗೆ ಓಡಾಡುತ್ತಿದ್ದರು. ಬಾಗಿಲ ಬಳಿ ಮೇಸ್ತ್ರಿ ಮಂಡಿಯೂರಿ ಕೂತಿದ್ದ. ಬೂಟಿನ ಹಿಮ್ಮಡಿ ಬಿದ್ದ ಕಡೆ ಒಂದು ಟೈಲ್ಸಿನ ಮೂಲೆ ಕೆಳಗಿಳಿದು, ಪಕ್ಕದ ಸಂದಿನ ಬಿಳುಪು ಬಿರಿದಿತ್ತು. ಅಕ್ಕ ಆಸ್ಪತ್ರೆಯಿಂದ ತಂದ ಚೀಲದಲ್ಲಿ ಕೈಯಾಡಿಸಿ ತಂಗಿಯ ಚಮಚ ತೆಗೆದಳು, ಅವನ ಪಕ್ಕ ಕೂತು ಆ ಟೈಲ್ಸಿನ ಮೂಲೆ ತಟ್ಟಿದಳು. ಟೊಳ್ಳು.

"ಇದೊಂದನ್ನ ಕಿತ್ತು ಹೊಸದಾಗಿ ಹಾಕಿಕೊಡ್ತೀನಿ ಸಾರ್," ಎಂದ ಮೇಸ್ತ್ರಿ. "ಅಮ್ಮ ಇದ್ದಿದ್ರೆ ಬಿಡ್ತಿರಲಿಲ್ಲ."

"ಅವಳಿಲ್ವಲ್ಲ," ಎಂದ ಗಂಡ. "ಯಾರಿಗೆ ಕಾಣುತ್ತೆ? ಮೇಲೆ ಏನಾದರೂ ಹಾಸಿದ್ರಾಯ್ತು."

ನಾದಿನಿ ಹಿತ್ತಲಿಗೆ ಹೋಗಿ, ಹೊಲಿಗೆ ಮಷೀನಿನ ಕೆಳಗಿದ್ದ ಹಳೇ ಚಾಪೆಯನ್ನು ಕೊಡವಿಕೊಂಡು ತಂದಳು. ಅಕ್ಕ ಏಳಲಿಲ್ಲ. ನಾದಿನಿ ಅವಳ ಮಂಡಿಯವರೆಗೆ ಚಾಪೆ ಬಿಡಿಸಿ, ಕಾಲಿನಿಂದ ಅಂಚು ಸರಿಮಾಡಿ, ಒಳಗೆ ಹೋದಳು.

ಅಕ್ಕ ಚಾಪೆಯ ಮೇಲೇ ಚಮಚದಿಂದ ತಟ್ಟಿದಳು. ನಾಲ್ಕು ಕಡೆಯೂ ತಟ್ಟಿದಳು. ಗಟ್ಟಿಯೂ ಅಲ್ಲದ, ಟೊಳ್ಳೂ ಅಲ್ಲದ, ಬಟ್ಟೆ ಬಿದ್ದಂಥ ಸದ್ದು ಬಂತು.