ಸುಳಿ ಕಡಿದ ಈಚಲು

“ಇಳಿಯಲೇ ಬೋಳಿಮಗನೇ! ಯಾರಪ್ಪನ ಮರ ಅಂತ ಹತ್ತಿದ್ದೀಯ?”

ಅಬಕಾರಿ ಜವಾನ ಬೀಸಿದ ಕಲ್ಲು ಹುಲಿಯಪ್ಪನ ಮೊಣಕಾಲಿಗೆ ಬಿತ್ತು. ಸೊಂಟದ ಹಗ್ಗ ಜಾರಿಸುತ್ತ ಅವನು ಈಚಲು ಮರದಿಂದ ಇಳಿದ. ಬುಡದಲ್ಲಿ ಅಬಕಾರಿಯವರು ಹಚ್ಚಿದ ಕೆಂಪು ಬಣ್ಣದ ಗುರುತು ಇನ್ನೂ ಹಸಿಯಾಗಿತ್ತು.

“ನಮ್ಮಪ್ಪನ ಕಾಲದಿಂದ ನಾವೇ ಕೆತ್ತಿ ಹೆಂಡ ಇಳಿಸೀವಿ ಸ್ವಾಮಿ.”

“ಈಗ ಹೆಂಡದ ಗುತ್ತಿಗೆ ಜಂಬುಲಿಂಗಪ್ನೋರ್ದು. ಕೆತ್ತಾಕೆ ಬಿಲ್ಲೆ ಕೊಟ್ಟಿರೋದು ನಿನ್ ತಮ್ಮಂಗೆ. ಕುಡಿಯಂಗಿದ್ರೆ ಅಂಗಡಿಗೋಗಿ ಕುಡಿ. ಮನೇಲಿ ಗಡಿಗೆ ಸಿಕ್ತೋ, ಮೊಳಕಾಲ್ಮೂರಿನ ಠಾಣೆ ತೋರಿಸ್ತೀನಿ.”

ತಮ್ಮ ಚಿಕ್ಕೀರಪ್ಪನಿಗೆ ಮರ ಹತ್ತುವುದನ್ನು ಕಲಿಸಿದವನು ಹುಲಿಯಪ್ಪನೇ. ವರ್ಷದ ಮೊದಲ ಗಡಿಗೆಯನ್ನು ಯಾರೂ ಕುಡಿಯುವಂತಿರಲಿಲ್ಲ. ಕೆತ್ತಿದವನು ಅದನ್ನು ಮರದ ಬುಡಕ್ಕೇ ಸುರಿಯಬೇಕು. ಈ ವರ್ಷ ಚಿಕ್ಕೀರಪ್ಪ ಸುರಿದ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಹೊಳೆಯುತ್ತಿತ್ತು. ಹಟ್ಟಿಯೆಲ್ಲ ಸುತ್ತ ನಿಂತಿತ್ತು. ಹುಲಿಯಪ್ಪ ಬೇಲಿಯ ಹಿಂದೆ ನಿಂತು ನೋಡಿದ. ಹೆಂಡತಿ ತನ್ನ ಕಣ್ಣೆದುರೇ ಇನ್ನೊಬ್ಬನ ಜೊತೆ ನಕ್ಕಂತಾಯಿತು.

ಜಂಬುಲಿಂಗಪ್ಪ ಹೆಂಡ ಮುಟ್ಟಿದವರಲ್ಲ. ಹೆಗಲ ವಲ್ಲಿಯಿಂದ ಮೂಗು ಮುಚ್ಚಿಕೊಂಡೇ ಹೆಂಡದಂಗಡಿಗೆ ಬರುತ್ತಿದ್ದರು. ಒಂದು ಸಂಜೆ ಹುಲಿಯಪ್ಪನನ್ನು ಕರೆಸಿ ಹೊರಗೇ ನಿಲ್ಲಿಸಿದರು.

“ಆ ಮರ ನಿನ್ ತಮ್ಮನ ಕೈಗೆ ಸರಿಯಾಗಿ ಸುರಿಸ್ತಿಲ್ಲ ಕಣಲೇ. ನೀನು ಕೆತ್ತಿಕೊಡು. ಬಿಲ್ಲೆ ಅವನತ್ರಾನೇ ಇರ್ಲಿ. ಕೂಲಿಗೆ ಒಂದು ಚೊಂಬು ಹೆಂಡ ಹುಯ್ಯಿಸ್ತೀನಿ.”

“ಬಾರಣ್ಣೋ,” ಎಂದ ಅಂಗಡಿಯೊಳಗಿದ್ದ ಚಿಕ್ಕೀರಪ್ಪ. “ಅತ್ತಿಗೇನೂ ಅದನ್ನೇ ಅಂತಿದ್ಲು. ಮೂಲೇಲಿ ಕುಂತು ಉರ್ಕೊಳ್ಳೋ ಬದ್ಲು ದುಡೀಲಿ ಅಂತ.”

ಕುಡಿಯುತ್ತಿದ್ದ ಕೂಲಿಯವರು ನಕ್ಕರು.

ಬೆಳಿಗ್ಗೆ ಹುಲಿಯಪ್ಪ ಮರ ಹತ್ತಿದ. ಗುತ್ತಿಗೆದಾರರು, ಜವಾನ, ತಮ್ಮ, ಹೆಂಡತಿ ಕ್ಯಾತಮ್ಮ ಕೆಳಗೆ ನಿಂತಿದ್ದರು. ತಾನು ಹಿಂದೆ ಕೆತ್ತಿದ ಗಾಯದ ಮೇಲೆ ತಮ್ಮ ಸೊಟ್ಟಗೆ ಕೆತ್ತಿದ ಗಾಯ. ಸುರಿಸ್ತಿಲ್ಲ ಅಂದಿದ್ದರು; ಆದರೂ ಗಡಿಗೆಯ ಕಂಠದಲ್ಲಿ ನೊರೆ ಉಕ್ಕುತ್ತಿತ್ತು.

ಮರ ತಮ್ಮನಿಗೂ ಕೊಟ್ಟಿತ್ತು.

ಹುಲಿಯಪ್ಪ ಗಡಿಗೆ ಬಿಚ್ಚಲಿಲ್ಲ. ಗರಿಗಳನ್ನು ಒಂದೊಂದಾಗಿ ತರಿದ. ನಡುವಿನ ಸುಳಿಗೆ ಕತ್ತಿ ಹಾಕಿದ.

“ಅಣ್ಣೋ! ಸುಳಿ ಕಡಿದ್ರೆ ಮರ ಸಾಯ್ತೈತೆ!”

“ಸಾಯ್ಲಿ ಬಿಡಲೇ! ನಂಗಿಲ್ದಿದ್ದು ನಿಂಗೂ ಬ್ಯಾಡ, ಆ ಮೂಗು ಮುಚ್ಕೊಂಡೋನಿಗೂ ಬ್ಯಾಡ!”

ಬಿಳಿಯ ಸುಳಿ ಜಂಬುಲಿಂಗಪ್ಪನವರ ಕಾಲ ಬಳಿ ಬಿದ್ದು ಸೀಳಿಹೋಯಿತು. ಕ್ಯಾತಮ್ಮ ಮುಂದೆ ಬಂದು ಎತ್ತಿಕೊಂಡಳು, ಕಚ್ಚಿದಳು. ಈಚಲ ಸುಳಿ ಸಿಹಿ.

“ಬಿಸಾಕೇ ರಂಡೆ!” ಜವಾನ ಅರಚಿದ.

ಅವಳು ಅಗಿಯುತ್ತಲೇ ಇನ್ನೊಂದು ಚೂರು ಮುರಿದು ಮೈದುನನ ಬಾಯಿಯ ಹತ್ತಿರ ಹಿಡಿದಳು.

“ತಿನ್ನೋ. ಮೊದಲ ಗಡಿಗೆ ಬುಡಕ್ಕೆ ಸುರಿದೋನು ನೀನೇ ಅಲ್ವಾ? ಕೊನೇದೂ ನಿಂದೇ.”

ಮೇಲೆ ಹುಲಿಯಪ್ಪ ಬೋಳು ಮರವನ್ನು ತಬ್ಬಿಕೊಂಡಿದ್ದ. ಜವಾನ ಬಗ್ಗಿ ಕಲ್ಲು ಆಯತೊಡಗಿದ.