ಹಿಮ್ಮಡಿಯ ಪುಟ

ಸಂಪಾದಕ ವಿಷ್ಣುಮೂರ್ತಿಗಳ ಕೆಂಪು ಪೆನ್ಸಿಲ್ ಹನ್ನೊಂದನೆಯ ಪುಟದ ಮೇಲೆ ಓರೆಯಾಗಿ ಹರಿಯಿತು. ಎದುರು ಕೂತಿದ್ದ ವಾಸಂತಿಗೆ ತನ್ನ ಮೈಮೇಲೇ ಗೆರೆ ಎಳೆದಂತಾಯಿತು.

ರಾಯಪುರಂನ ಆ ಸಣ್ಣ ಮುದ್ರಣಾಲಯದಿಂದ ಮದರಾಸಿನ ಕನ್ನಡಿಗರಿಗಾಗಿ ಮಾಸಪತ್ರಿಕೆಯೊಂದು ಹೊರಡುತ್ತಿತ್ತು. ಕಳೆದ ಬೇಸಗೆಯಲ್ಲಿ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ವಾಸಂತಿ ಯಾತ್ರಿಕರ ಗುಂಪಿನೊಡನೆ ಗಢವಾಲದ ಬೆಟ್ಟಗಳಲ್ಲಿ ಹದಿನೆಂಟು ದಿನ ನಡೆದಿದ್ದಳು. ಅದನ್ನು ಬರೆದು ತಂದಿದ್ದಳು. ವಿಷ್ಣುಮೂರ್ತಿಗಳು ಮೆಚ್ಚಿಕೊಂಡರು, ಅಟ್ಲಾಸ್ ನೋಡಿ ಶಿಖರಗಳ ಎತ್ತರದ ಪಟ್ಟಿಯೊಂದನ್ನು ತಾವೇ ಸೇರಿಸಿದರು. ಹಾಗಾಗಿ ಈಗ ಒಂದು ಪುಟ ಹೆಚ್ಚಾಗಿತ್ತು.

ಗೆರೆ ಬಿದ್ದ ಪುಟದಲ್ಲಿದ್ದದ್ದು ಇಷ್ಟೆ: ಹಿಮದ ಘಾಟಿಯ ಕೆಳಗೆ ವಾಸಂತಿಯ ಹಿಮ್ಮಡಿಯ ಗುಳ್ಳೆ ಒಡೆದಿತ್ತು. ಗುಂಪು ಮುಂದೆ ಹೋಗಿತ್ತು. ಕುರಿ ಕಾಯುವ ಹೆಂಗಸೊಬ್ಬಳು ಅವಳ ಕಾಲನ್ನು ಮಡಿಲಿಗೆಳೆದುಕೊಂಡು, ತಾನು ನೂಲುತ್ತಿದ್ದ ಉಣ್ಣೆಯನ್ನು ಕಿತ್ತು ಬೂಟಿನೊಳಗೆ ತುರುಕಿ, ಘಾಟಿಯ ನೆತ್ತಿಯವರೆಗೂ ಜೊತೆಗೆ ನಡೆದು, ಹೆಸರೂ ಹೇಳದೆ ಹಿಂತಿರುಗಿದ್ದಳು.

"ಓದುವವರಿಗೆ ಹಿಮಾಲಯ ಬೇಕು. ನಿಮ್ಮ ಕಾಲಿನ ಗುಳ್ಳೆ ಯಾರಿಗೆ ಬೇಕು ಮಾರಾಯ್ರೆ?" ಎಂದರು ವಿಷ್ಣುಮೂರ್ತಿಗಳು.

ವಾಸಂತಿ ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವಳಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಅದನ್ನ ತೆಗೆದ್ರೆ ನಾನೊಬ್ಳೇ ಘಾಟಿ ಹತ್ತಿದೆ ಅಂತಾಗತ್ತೆ ಸ್ವಾಮಿ. ಅದು ಸುಳ್ಳು. ಹಾಕೋದಾದ್ರೆ ಪೂರ್ತಿ ಹಾಕಿ, ಇಲ್ದಿದ್ರೆ ಕೊಟ್ಬಿಡಿ."

ಕೋಣೆಯ ಮೂಲೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಐತನ ಕೈ ನಿಂತಿತು. ಮಂಗಳೂರು ಕಡೆಯ ಮುದುಕ, ಮಾತು ಕಡಿಮೆ.

"ಆ ಪುಟ ನಾನು ನಿನ್ನೆಯೇ ಜೋಡಿಸಿ ಆಗಿದೆ ಧಣಿ," ಎಂದ, ತಲೆಯೆತ್ತದೆ. "ಪಟ್ಟಿ ತೆಗೆದರೆ ಜಾಗ ಸರಿಯಾಗ್ತದೆ. ಆ ಗುಡ್ಡಗಳು ಬರುವ ವರ್ಷವೂ ಅಷ್ಟೇ ಎತ್ತರ ಇರ್ತವಲ್ಲ."

ವಿಷ್ಣುಮೂರ್ತಿಗಳಿಗೆ ನಗು ತಡೆಯಲಾಗಲಿಲ್ಲ. ತಮ್ಮ ಪಟ್ಟಿಯನ್ನು ಎರಡಾಗಿ ಮಡಿಸಿ ಮೇಜಿನ ಖಾನೆಗೆ ಹಾಕಿದರು. ಕೆಂಪು ಗೆರೆಯ ಪಕ್ಕದಲ್ಲಿ 'ಇರಲಿ' ಎಂದು ದಪ್ಪಕ್ಷರದಲ್ಲಿ ಬರೆದರು. ಆಮೇಲೆ, ಮೊದಲ ಸಲವೆಂಬಂತೆ, ಆ ಪುಟವನ್ನು ನಿಧಾನವಾಗಿ ಓದತೊಡಗಿದರು.

ವಾಸಂತಿ ನೆಟ್ಟಗೆ ಕೂತಳು. ಬಂದರಿನ ಕಡೆಯಿಂದ ಹಡಗೊಂದು ಉದ್ದಕ್ಕೆ ಕೂಗಿತು. ವಿಷ್ಣುಮೂರ್ತಿಗಳಿಗೆ ಅದು ಕೇಳಿಸಿದಂತಿರಲಿಲ್ಲ. ಮೇಜಿನ ಕೆಳಗೆ ಅವರ ಬಲಗಾಲು ಚಪ್ಪಲಿಯಿಂದ ಮೆಲ್ಲಗೆ ಹೊರಬಂದು, ತನ್ನ ಹಿಮ್ಮಡಿಯನ್ನು ಇನ್ನೊಂದು ಪಾದದ ಮೇಲೆ ಜೋಪಾನವಾಗಿ ಇಟ್ಟುಕೊಂಡಿತು.